ಅಪ್ಪನ ಹುಬ್ಬಿನ ಗಂಟು

ಧಾರವಾಡ
೯ ಡಿಸೆಂಬರ್ ೧೯೩೬

ಮಾತೃಸಮಾನ ಸುಲಭಾ ಅತ್ಯಾ ಅವರಿಗೆ ಆರ್ಥರನ ನಮಸ್ಕಾರಗಳು.

ನಿಮ್ಮ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡಿರಿ. ಪರೀಕ್ಷೆಯ ನೆವ ಹೇಳಬಹುದಿತ್ತು. ಆದರೆ ಅದು ಮುಗಿದು ವಾರವಾಯಿತು. ಸೊಲ್ಲಾಪುರದಿಂದ ನೀವು ಕಳಿಸಿದ ಶೇಂಗಾ ಚಟ್ನಿ ತೀರಿತು. ನನ್ನ ಕೋಣೆಯ ಜೊತೆಗಾರ ಉಳವಪ್ಪನೇ ಅರ್ಧಕ್ಕಿಂತ ಹೆಚ್ಚು ತಿಂದ. ಆಗ ನನಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ.

ನಿಮ್ಮ ಅಣ್ಣ, ನನ್ನ ಅಪ್ಪ, ಬಂದು ಹೋದರು. ಪತ್ರಿಕೆಯಲ್ಲಿ ಓದಿರುತ್ತೀರಿ: ಮಾಳಮಡ್ಡಿಯ ಹುಡುಗ ಏಕನಾಥ ಲಂಡನ್ನಿಗೆ ಹೋದದ್ದು, ಕಲಕತ್ತೆಯಲ್ಲಿ ಪ್ರೊಫೆಸರ್ ಆದದ್ದು, ಯಂತ್ರ ಮುಟ್ಟದೆ ಬರೀ ಲೆಕ್ಕದಿಂದ ನಕ್ಷತ್ರದ ಒಡಲಿನ ಉರಿ ಅಳೆದದ್ದು, ಈಗ ಬಂಗಾರದ ಪದಕ ಬಂದದ್ದು. ಸನ್ಮಾನದ ಸಭೆಯಲ್ಲಿಯೂ ಇದನ್ನೇ ಹೇಳಿದರು. ಅವರು ಮದುವೆಯಾದ ಇಂಗ್ಲಿಷ್ ಹೆಂಗಸಿನ ವಿಷಯ, ಅವಳು ತಿರುಗಿ ಹೋದ ಮೇಲೆ ಬೆಳಗಾವಿ, ಪುಣೆಯ ಹಾಸ್ಟೆಲ್ಲುಗಳಲ್ಲಿ ಬೆಳೆದ ಮಗನ ವಿಷಯ ಯಾರೂ ಎತ್ತಲಿಲ್ಲ. ಮಗ ಹಿಂದಿನ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟಿದ.

ನಾನು ಫಿಜಿಕ್ಸ್ ಯಾಕೆ ತೆಗೆದುಕೊಂಡೆನೆಂದು ನಿಮಗೆ ಗೊತ್ತು. ಆರೋಗ್ಯ, ಬಟ್ಟೆಬರೆ ಬಿಟ್ಟು ಬೇರೆ ಏನಾದರೂ ಅವರು ನನ್ನ ಜೊತೆ ಕೂತು ಮಾತಾಡಲಿ ಎಂದು.

ಊಟ ನಮ್ಮ ಹಾಸ್ಟೆಲ್ಲಿನಲ್ಲಿತ್ತು. ಇಲ್ಲಿ ಒಂದೊಂದು ಜಾತಿಗೆ ಒಂದೊಂದು ಪಂಕ್ತಿ. ನನ್ನದು ಯಾವುದೂ ಅಲ್ಲ, ಹೀಗಾಗಿ ನನ್ನ ತಾಟು ದಿನಾಲೂ ಪಡಸಾಲೆಯ ಕಂಬದ ಬುಡದಲ್ಲಿ. ಅಪ್ಪನನ್ನು ಒಳಗೆ ಹಿರಿಯರ ಪಂಕ್ತಿಯಲ್ಲಿ ಕೂಡಿಸಿದರು. ಸಮುದ್ರ ದಾಟಿದ ದೋಷ ಪದಕದಿಂದ ತೊಳೆದು ಹೋಗಿತ್ತು. ನಾನು ತಂಬಿಗೆ ತುಂಬಿಕೊಂಡು ಹೊರಗೆ ಕಾದೆ. ಕೈಗೆ ನೀರು ಹಾಕಲಿಕ್ಕೆ ಯಾವ ಪಂಕ್ತಿಯೂ ಬೇಕಾಗಿರಲಿಲ್ಲ.

ಅಪ್ಪ ಹೊರಬಂದರು. ನಾನು ತಂಬಿಗೆ ಎತ್ತುವಷ್ಟರಲ್ಲಿ ಉಳವಪ್ಪ ಕೇಳಿಬಿಟ್ಟ.

“ಸರ್, ಸೂರ್ಯ ದಿನಾ ಇಷ್ಟ ಬೆಳಕ ಚೆಲ್ಲತಾನಲ್ರಿ, ಹಿಂಗ ಚೆಲ್ಲಿ ಚೆಲ್ಲಿ ಅವನ ತೂಕ ಕಮ್ಮಿ ಆಗೂದಿಲ್ಲೇನ್ರಿ?”

ಅಪ್ಪನ ಹುಬ್ಬು ಗಂಟಾಯಿತು. ಕಣ್ಣು ಮುಚ್ಚಿದರು. ಅವರಿಗೆ ಸಿಟ್ಟು ಬಂತೆಂದು ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಉಳವಪ್ಪ ನನ್ನ ಕಡೆ ನೋಡಿ, “ಸರ್, ಇದು...” ಎಂದ. ಬೇಡವೆಂದು ನಾನು ತಲೆಯಾಡಿಸಿದೆ.

ಆಮೇಲೆ ಅಪ್ಪ ಕಣ್ಣು ತೆರೆದರು. “ಆಗ್ತದ. ಖರೇನ ಆಗ್ತದ. ಬಾ, ಇಲ್ಲೆ ಕೂಡು. ಯಾರ ಮಗಾ ನೀನು?”

ಉಳವಪ್ಪ ನವಲಗುಂದದ ಗಾಣಿಗರ ಮನೆಯವನು. ಅವನನ್ನು ಕಟ್ಟೆಯ ಮೇಲೆ ಪಕ್ಕಕ್ಕೆ ಕೂಡಿಸಿಕೊಂಡು ಅಪ್ಪ ಎಂಜಲುಗೈಯಿಂದಲೇ ಗಾಳಿಯಲ್ಲಿ ಲೆಕ್ಕ ಬರೆದರು. ಸಾರು ಅನ್ನ ಬೆರಳಿಗೆ ಒಣಗಿ ಹತ್ತಿಕೊಂಡವು. ನಾನು ತಂಬಿಗೆ ಹಿಡಿದೇ ನಿಂತಿದ್ದೆ. ಅವರು ನಗುವುದನ್ನು ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಉಳವಪ್ಪನ ಮುಖ ಹೇಗೆ ಅರಳಿತ್ತೆಂದರೆ, ಅಷ್ಟೂ ನೀರು ಅವನ ತಲೆಯ ಮೇಲೆ ಸುರಿದುಬಿಡಬೇಕೆನಿಸಿತು.

ಬಿ.ಎಸ್ಸಿ. ಮುಗಿಸಿ ಕಲಕತ್ತೆಗೆ ಬಾ, ನನ್ನ ಮನೆಯಲ್ಲೇ ಇರು ಎಂದು ಅವನಿಗೆ ಹೇಳಿದರು. ಆ ಮನೆಯಲ್ಲಿ ನಾನು ಎಷ್ಟು ದಿನ ಇದ್ದೇನೆ ಎಂಬುದು ನಿಮಗೆ ಗೊತ್ತಿದೆ, ಅತ್ಯಾ. ಕಡೆಗೆ ನನ್ನ ಕಡೆ ಕೈ ಚಾಚಿದರು. ನೀರು ಹಾಕಿದೆ. “ಥ್ಯಾಂಕ್ಯೂ” ಎಂದರು. ಅವನಿಗೆ ಮನೆಯ ಮಾತು, ನನಗೆ ಇಂಗ್ಲಿಷ್.

ಇಲ್ಲಿ ಚಳಿ ಬಿದ್ದಿದೆ. ನಿಮ್ಮ ಮೊಣಕಾಲು ನೋವು ಹೇಗಿದೆ? ಮಾವನವರಿಗೆ ನನ್ನ ನಮಸ್ಕಾರ ತಿಳಿಸಿರಿ. ನಿಮ್ಮ ಆಶೀರ್ವಾದದ ಕೈ ನನ್ನ ತಲೆಯ ಮೇಲಿರಲಿ. ಸದ್ಯಕ್ಕೆ ಇರುವುದು ಅದೊಂದೇ.

ನಿಮ್ಮ
ಆರ್ಥರ್

ತಾ.ಕ.: ಆ ಪ್ರಶ್ನೆ ನನ್ನದು. ಮಳೆಗಾಲದಿಂದ ಅದನ್ನೇ ಯೋಚಿಸುತ್ತಿದ್ದೆ. ಅವರೆದುರು ಬಾಯಿ ಏಳಲಿಕ್ಕಿಲ್ಲವೆಂದು ಉಳವಪ್ಪನಿಗೆ ಹೇಳಿಕೊಟ್ಟಿದ್ದೆ. ಅವರಿಗೆ ಹಿಡಿಸಿದರೆ ಮಾತ್ರ ನನ್ನ ಹೆಸರು ಹೇಳು ಎಂದಿದ್ದೆ. ಪಾಪ, ಅವನು ಹೇಳುವವನೇ ಇದ್ದ. ನಾನೇ ತಡೆದೆ. ಈಗ ಹೇಳಿದರೆ ಹೊಟ್ಟೆಕಿಚ್ಚಿನ ಮಾತೆಂದಾರು. ನಿನ್ನೆ ಮಾಳಮಡ್ಡಿಯಲ್ಲಿ ನಿಮ್ಮ ಹಳೆಯ ನೆರೆಮನೆಯ ಲಕ್ಷ್ಮೀಬಾಯಿಯವರ ಮುಂದೆ ಆ ಸಿಟ್ಟಿನ ಹುಬ್ಬಿನ ಸುದ್ದಿ ತೆಗೆದೆ. ಅವರು ನಕ್ಕುಬಿಟ್ಟರು. “ಸಿಟ್ಟಲ್ಲೋ ತಮ್ಮಾ. ಏಕನಾಥಂದು ಸಣ್ಣಂವ ಇದ್ದಾಗಿಂದ ಹಂಗ, ಭಾಳ ಖುಷಿ ಆದ್ರ ಹುಬ್ಬ ಗಂಟ ಹಾಕತಾನ. ಮನಿ ಮಂದಿಗೆಲ್ಲಾ ಗೊತ್ತದಲಾ.”