ನಿಲ್ಲದ ರೈಲಿಗೆ ಗೋಡೆ ಕಟ್ಟಲು ಹೊರಟವರಿಗೆ

ರೈಲು ಸಂಚಾರ ಮಂಡಳಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಮನೆಯ ಎದುರು ತಾವು ಕಟ್ಟಲು ಹೊರಟಿರುವ ಶಬ್ದತಡೆ ಗೋಡೆ ನಮಗೆ ಬೇಡ. ನಾನು ಕೇಳಿದ್ದು ನಿಲುಗಡೆ. ವಿಮಾನ ನಿಲ್ದಾಣದಿಂದ ಬರುವ ರೈಲು ಹಳೇ ಪೇಟೆಯಲ್ಲಿ ಮೊದಲಿನಂತೆ ಒಂದು ನಿಮಿಷ ನಿಲ್ಲಲಿ ಎಂದು ಎರಡು ವರ್ಷಗಳಿಂದ ತಮ್ಮ ಕಚೇರಿಗೆ ಬರೆಯುತ್ತಲೇ ಬಂದಿದ್ದೇನೆ. ಹೋದ ವಾರ ಉತ್ತರ ಬಂತು. ‘ಹಳಿಯ ಪಕ್ಕದ ನಿವಾಸಿಯಾದ ತಮ್ಮ ನಿರಂತರ ದೂರುಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ, ತಮ್ಮ ಕಟ್ಟಡದ ಉದ್ದಕ್ಕೂ ಹಳಿಯ ಅಂಚಿನಲ್ಲಿ ಎರಡಾಳೆತ್ತರದ ಗೋಡೆಯನ್ನು ಮಂಜೂರು ಮಾಡಲಾಗಿದೆ.’ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ಆ ಗಾದೆಯನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಖರ್ಚು ಮಾಡಿ ಯಾರೂ ನಿಜ ಮಾಡಿ ತೋರಿಸಿರಲಿಲ್ಲ.

ಮೊದಲು ನಿಲುಗಡೆಯ ಕಥೆ. ನಮ್ಮ ಹಳೇ ಪೇಟೆಗೆ ಬಹಳ ಜನ ಬರುತ್ತಾರೆ. ಕಿರಿದಾದ ಬೀದಿಗಳು, ಹಳೆಯ ಅಂಗಡಿಗಳು, ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರು. ಊರಿನಲ್ಲಿ ಅತಿ ಹೆಚ್ಚು ಜನ ಇಳಿಯುತ್ತಿದ್ದ ನಿಲ್ದಾಣ ನಮ್ಮದೇ. ಆದ್ದರಿಂದ ಅದನ್ನು ಮುಚ್ಚಿದಿರಿ. ‘ಪ್ರಯಾಣಿಕರು ಅಧಿಕ ಸಂಖ್ಯೆಯಲ್ಲಿ ಇಳಿಯುತ್ತಿರುವುದರಿಂದ ನಿಲುಗಡೆ ರದ್ದುಪಡಿಸಲಾಗಿದೆ’ ಎಂಬ ಫಲಕ ಇವತ್ತಿಗೂ ಅಲ್ಲಿದೆ. ನೆಗಡಿ ಬಂದರೆ ಮೂಗು ಕೊಯ್ದುಕೊಳ್ಳುವ ಈ ಚಿಕಿತ್ಸೆ ಫಲಿಸಿದೆ. ಈಗ ಅಲ್ಲಿ ಯಾರೂ ಇಳಿಯುವುದಿಲ್ಲ. ಆದರೆ ಪ್ಲಾಟ್‌ಫಾರ್ಮನ್ನು ದಿನಾ ಬೆಳಗ್ಗೆ ಗುಡಿಸುತ್ತಾರೆ, ಅಲ್ಲಿನ ಗಡಿಯಾರ ಸರಿಯಾದ ಸಮಯ ತೋರಿಸುತ್ತದೆ, ಬೆಂಚುಗಳಿಗೆ ಹೋದ ತಿಂಗಳು ಹೊಸ ಬಣ್ಣ ಬಳಿದರು. ಯಾರಿಗಾಗಿ ಎಂದು ಕೇಳುವುದು ಅಧಿಕಪ್ರಸಂಗವಾದೀತು.

ಆದರೂ ತಮ್ಮ ಮಂಡಳಿಯ ಬಣ್ಣದ ಕೈಪಿಡಿ ‘ವಿಮಾನ ನಿಲ್ದಾಣದಿಂದ ಹಳೇ ಪೇಟೆಗೆ ರೈಲಿನಲ್ಲಿ ಬರುವುದು ಅತ್ಯಂತ ಸುಲಭ’ ಎನ್ನುತ್ತದೆ. ಹೇಗೆಂದರೆ, ರೈಲು ಹತ್ತಿ ಹಳೇ ಪೇಟೆಯನ್ನು ಕಣ್ಣಾರೆ ನೋಡುತ್ತ ಮುಂದೆ ಹೋಗಬೇಕು. ದೊಡ್ಡ ನಿಲ್ದಾಣದಲ್ಲಿ ಇಳಿಯಬೇಕು. ನೆಲದಡಿಗೆ ಎರಡು ಸುತ್ತು ಮೆಟ್ಟಿಲಿಳಿದು, ಊರಿನ ಅರ್ಧ ಜನದ ಜೊತೆ ಸುರಂಗ ದಾಟಿ, ಮತ್ತೆ ಎರಡು ಸುತ್ತು ಹತ್ತಿ, ಇನ್ನೊಂದು ರೈಲು ಹಿಡಿದು ಬಂದ ದಿಕ್ಕಿಗೇ ವಾಪಸ್ಸು ಬರಬೇಕು. ಅದು ಇಳಿಸಿದ ಜಾಗದಿಂದ ಏರುಬೀದಿಯಲ್ಲಿ ನಡೆಯಬೇಕು. ಲಿಫ್ಟ್ ಇದೆ. ಅದು ದುರಸ್ತಿಯಲ್ಲಿದೆ ಎಂಬ ಫಲಕ ಲಿಫ್ಟಿಗಿಂತ ಗಟ್ಟಿಮುಟ್ಟಾಗಿದೆ.

ನನ್ನದು ಕನ್ನಡಕದ ಅಂಗಡಿ. ಪೆಟ್ಟಿಗೆ ಎಳೆದುಕೊಂಡು ಬೆವರುತ್ತ ಬಂದವರು ಮೊದಲು ಒರಗುವುದು ನನ್ನ ಗಾಜಿನ ಬಾಗಿಲಿಗೆ. ಮೊನ್ನೆ ಒಬ್ಬ ಹಿರಿಯರು ಕೂತು, ನೀರು ಕುಡಿದು, ಮೇಲೆ ತೂಗುಹಾಕಿರುವ ನನ್ನ ದೊಡ್ಡ ಕನ್ನಡಕದ ಬೋರ್ಡನ್ನೇ ನೋಡುತ್ತ ಹೇಳಿದರು: “ಈ ಬೋರ್ಡನ್ನ ನಾನು ಬೆಳಗ್ಗೆನೇ ರೈಲಿಂದ ನೋಡ್ದೆ ಕಣ್ರೀ. ಮುಟ್ಟೋಕೆ ಮಧ್ಯಾಹ್ನ ಆಯ್ತು.”

ಆ ಹಿರಿಯರಾದರೂ ಕೊನೆಗೆ ಮುಟ್ಟಿದರು. ನನ್ನ ಅಕ್ಕನಿಗೆ ಅದೂ ಆಗಲಿಲ್ಲ.

ನಮ್ಮಮ್ಮ ನನ್ನ ಜೊತೆ ಅಂಗಡಿಯ ಮೇಲೆ, ಎರಡನೇ ಮಹಡಿಯಲ್ಲಿ ಇರುತ್ತಾಳೆ. ತೊಂಬತ್ತರ ಹತ್ತಿರ ಬಂದಿದ್ದಾಳೆ. ಹಾಸಿಗೆಯಿಂದ ಅಡುಗೆಮನೆಯ ಕಿಟಕಿ ಪಕ್ಕದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಇಷ್ಟೇ ಅವಳ ಓಡಾಟ. ಕೆಳಗಿಳಿಸುವ ಮಾತೇ ಬೇಡ ಎಂದು ಡಾಕ್ಟರು ಹೇಳಿದ್ದಾರೆ. ಅಕ್ಕ ವಿಮಾನ ನಿಲ್ದಾಣದ ಪಕ್ಕದ ವಸತಿಗೃಹಗಳಲ್ಲಿದ್ದಾಳೆ. ಅಲ್ಲಿನ ಲಾಂಡ್ರಿಯಲ್ಲಿ ಬದುಕಿನುದ್ದಕ್ಕೂ ವಿಮಾನದ ಹೊದಿಕೆಗಳನ್ನು ಒಗೆದು ನಿವೃತ್ತಳಾದವಳು. ನಿಲುಗಡೆಯಿದ್ದಾಗ ವಾರಕ್ಕೊಮ್ಮೆ ಬರುತ್ತಿದ್ದಳು. ಅಮ್ಮನಿಗೆ ಎಣ್ಣೆ ಹಚ್ಚಿ, ಸ್ನಾನ ಮಾಡಿಸಿ, ಉಗುರು ಕತ್ತರಿಸಿ, ನನ್ನನ್ನು ಚೆನ್ನಾಗಿ ಬೈದು ಹೋಗುತ್ತಿದ್ದಳು. ಹಳೇ ನಿಲ್ದಾಣದಲ್ಲಿ ಸಾಮಾನು ಗಾಡಿಗಳಿಗೆಂದು ಮಾಡಿದ ಇಳಿಜಾರಿತ್ತು. ಅದು ನಮ್ಮ ಅಂಗಡಿಯ ಹತ್ತಿರವೇ ಇಳಿಸುತ್ತಿದ್ದುದರಿಂದ ಅವಳ ಕೆಟ್ಟ ಮೊಣಕಾಲಿಗೆ ನಮ್ಮ ಮನೆಯ ಮೆಟ್ಟಿಲಷ್ಟೇ ಉಳಿಯುತ್ತಿತ್ತು.

ನಿಲುಗಡೆ ಹೋದ ಮೇಲೆ ಕೈಪಿಡಿಯಲ್ಲಿ ಹೇಳಿದ ಸುಲಭ ದಾರಿಯಲ್ಲಿ ಒಮ್ಮೆ ಹೊರಟಳು. ಸುರಂಗದ ಮೆಟ್ಟಿಲಲ್ಲಿ ಯಾರದೋ ಪೆಟ್ಟಿಗೆ ತಗುಲಿ ಬಿದ್ದಳು. ಮೊದಲೇ ಕೆಟ್ಟಿದ್ದ ಮೊಣಕಾಲು ಮುರಿಯಿತು. ಟ್ಯಾಕ್ಸಿಯಲ್ಲಿ ಬರಬಾರದೇ ಎಂದು ತಾವು ಕೇಳಬಹುದು. ಜನಜಂಗುಳಿಯ ಕಾರಣ ಪೇಟೆಯೊಳಗೆ ವಾಹನ ಬಿಡುವುದಿಲ್ಲ. ‘ದಯವಿಟ್ಟು ರೈಲಿನಲ್ಲಿ ಬನ್ನಿ’ ಎಂದು ಪೇಟೆಯ ಬಾಗಿಲಲ್ಲಿ ತಾವೇ ಬರೆಸಿದ್ದೀರಿ. ಒಮ್ಮೆ ಅಕ್ಕನನ್ನು ಆ ಬಾಗಿಲವರೆಗೆ ಟ್ಯಾಕ್ಸಿಯಲ್ಲಿ ಕರೆತಂದು, ಅಲ್ಲಿಂದ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರಲು ನೋಡಿದೆ. ಕಲ್ಲುಹಾಸಿನಲ್ಲಿ ಗಾಲಿ ಸಿಕ್ಕಿಕೊಂಡು, ಹಿಂದೆ ಮುಂದೆ ಜನ ನಿಂತು, ಅಕ್ಕ “ಸಾಕು ಬಿಡೋ, ಮಾನ ಹೋಗ್ತಿದೆ. ವಾಪಸ್ ಕರ್ಕೊಂಡು ಹೋಗು” ಎಂದಳು. ನಾನು ಅಲ್ಲೇ ಅತ್ತುಬಿಟ್ಟೆ. ನನ್ನ ವಯಸ್ಸಿನವನು ಬೀದಿಯಲ್ಲಿ ಅಳುವುದು ಸಭ್ಯತೆಯಲ್ಲ, ಗೊತ್ತು.

ಆಮೇಲೆ ಅಕ್ಕನೇ ಒಂದು ಉಪಾಯ ಕಂಡುಕೊಂಡಳು. ತಮ್ಮ ಹಳಿ ಕಮಾನುಗಳ ಮೇಲೆ, ಸರಿಯಾಗಿ ನಮ್ಮ ಅಡುಗೆಮನೆಯ ಮಟ್ಟದಲ್ಲಿ ಹೋಗುತ್ತದೆ. ಅಲ್ಲೊಂದು ತಿರುವಿರುವುದರಿಂದ ರೈಲು ನಿಧಾನವಾಗುತ್ತದೆ. ಪ್ರತಿ ಬುಧವಾರ ಅಕ್ಕ ಎಡಗಡೆಯ ಕಿಟಕಿಯಲ್ಲಿ ಕೂತು ದೊಡ್ಡ ನಿಲ್ದಾಣದವರೆಗೆ ಹೋಗಿ, ಅದೇ ರೈಲಿನಲ್ಲಿ ಹಿಂದಿರುಗುತ್ತಾಳೆ. ಎಲ್ಲೂ ಇಳಿಯುವುದಿಲ್ಲ. ಅಮ್ಮನಿಗೆ ರೈಲು ನೋಡಲೆಂದೇ ನಾನು ಬೇರೆ ಕನ್ನಡಕ ಮಾಡಿಕೊಟ್ಟಿದ್ದೇನೆ. ಅಕ್ಕನಿಗೆ ಫೋನು ಮಾಡಿ ಅಮ್ಮನ ಕೈಗೆ ಕೊಡುತ್ತೇನೆ. ರೈಲು ತಿರುವಿಗೆ ಬರುತ್ತದೆ.

“ಕಂಡ್ಯೇನಮ್ಮ?”

“ಕಂಡೆ ಕಂಡೆ. ಆ ಸ್ವೆಟರ್ ಇನ್ನೂ ಬಿಸಾಕಿಲ್ವೇನೇ?”

“ಬೆಚ್ಚಗಿದೆ ಬಿಡು.”

“ಇಳಿದು ಹೋಗಿದೀಯ. ಊಟ ಸರಿಯಾಗಿ ಮಾಡ್ತಿಲ್ಲ ನೀನು.”

ಅಷ್ಟರಲ್ಲಿ ರೈಲು ದಾಟಿರುತ್ತದೆ. ಅಕ್ಕ ಇನ್ನೂ ಮಾತಾಡುತ್ತಿದ್ದರೂ ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಾಳೆ. “ಮುಖ ಹೋಯ್ತಲ್ಲ, ಇನ್ನೇನು ಮಾತು” ಎನ್ನುತ್ತಾಳೆ. ವಾಪಸ್ಸು ರೈಲು ಬರುವವರೆಗೂ ಕುರ್ಚಿ ಬಿಟ್ಟು ಏಳುವುದಿಲ್ಲ. ಒಂದು ದಿನ ಮಾತ್ರ, ರೈಲು ಹೋದ ಮೇಲೆ, “ಎಷ್ಟು ನೋಡಿದ್ರೂ ಅಷ್ಟೆ ಕಣೋ. ಅವಳ ಕೈ ಮುಟ್ಟಿ ಎರಡು ವರ್ಷ ಆಯ್ತು” ಎಂದಳು. ಮಾನ್ಯರೇ, ಇದಕ್ಕೆ ತಮ್ಮಲ್ಲಿ ಉತ್ತರವಿದೆಯೇ?

ಈಗ ಆ ಕಿಟಕಿಯ ಎದುರೇ ಗೋಡೆ ಏಳಲಿದೆ. ಪತ್ರ ಹಿಡಿದುಕೊಂಡು ತಮ್ಮ ಕಚೇರಿಗೆ ಓಡಿದೆ. ಅಲ್ಲಿದ್ದ ಗುಮಾಸ್ತರು ಒಳ್ಳೆಯವರು, ಕೂರಿಸಿದರು.

“ನಾನು ಸದ್ದಿನ ಬಗ್ಗೆ ಬರೆದೇ ಇಲ್ವಲ್ಲ ಸಾರ್” ಎಂದೆ.

“ರೈಲು ಮನೆ ಮುಂದೆನೇ ಹೋಗುತ್ತೆ ಅಂತ ಬರೆದಿದೀರಲ್ಲ?”

“ಹೌದು. ನಿಲ್ಲಲ್ಲ ಅಂತ ಬರೆದಿದೀನಿ.”

“ನಿಲ್ಲೋದು ಬೇರೆ ವಿಭಾಗ. ಹಳಿ ಪಕ್ಕದ ಮನೆಯೋರು ಬರೆದ್ರೆ ನಾವು ಸದ್ದು ಅಂತಲೇ ತಗೊಳ್ಳೋದು.”

“ಹಾಗಾದ್ರೆ ಗೋಡೆ ಬೇಡ ಅಂತ ಬರ್ಕೊಡ್ತೀನಿ.”

“ಧಾರಾಳವಾಗಿ ಬರ್ಕೊಡಿ. ಅದನ್ನೂ ಸದ್ದಿನ ಫೈಲಿಗೇ ಹಾಕ್ತೀವಿ.”

ಏಳುವಾಗ ಸುಮ್ಮನೆ ಕುತೂಹಲಕ್ಕೆ ಕೇಳಿದೆ, ಪೇಟೆಗೆ ಲಾರಿ ಬಿಡುವುದಿಲ್ಲವಲ್ಲ, ಗೋಡೆಯ ಹಲಗೆಗಳನ್ನು ಹೇಗೆ ತರುತ್ತೀರಿ ಎಂದು.

“ರೈಲಲ್ಲೇ. ವಿಮಾನ ನಿಲ್ದಾಣದ ಕಡೆಯಿಂದ ಬರೋ ಬೆಳಗಿನ ಗಾಡಿಗೆ ಒಂದು ಬೋಗಿ ಜೋಡಿಸ್ತೀವಿ. ನಿಮ್ಮ ಹಳೇ ಪ್ಲಾಟ್‌ಫಾರ್ಮಲ್ಲಿ ನಿಲ್ಸಿ ಇಳಿಸ್ಕೋತಾರೆ.”

“ಎಷ್ಟು ಹೊತ್ತು ನಿಲ್ಲುತ್ತೆ?”

“ಇಳಿಸೋವರೆಗೂ. ಅರ್ಧ ಗಂಟೆ ಆಗಬಹುದು.”

“ಆಗ ಜನ ಇಳೀಬಹುದಾ?”

ಗುಮಾಸ್ತರು ನನ್ನನ್ನು ಕನಿಕರದಿಂದ ನೋಡಿದರು. “ಜನ ಹೇಗೆ ಇಳೀತಾರೆ ಸ್ವಾಮಿ? ಅಲ್ಲಿ ನಿಲುಗಡೆ ಇಲ್ವಲ್ಲ.”

ಅಂದರೆ, ಮಾನ್ಯರೇ, ರೈಲಿಗೆ ನಿಲ್ಲಲು ಬರುತ್ತದೆ. ಇದು ನನಗೆ ಹೊಸ ವಿಷಯ. ಒಂದು ನಿಮಿಷ ನಿಂತರೆ ಇಡೀ ಮಾರ್ಗದ ವೇಳಾಪಟ್ಟಿ ಕುಸಿದುಬೀಳುತ್ತದೆ ಎಂದು ತಾವು ಹಿಂದೆ ಹೇಳಿಕೆ ಕೊಟ್ಟಿದ್ದನ್ನು ನಾನು ನಂಬಿದ್ದೆ. ಅರ್ಧ ಗಂಟೆ ನಿಂತರೆ ಕುಸಿಯುವುದಿಲ್ಲವೇ? ಮನುಷ್ಯರು ಇಳಿದರೆ ಜಂಗುಳಿ, ಹಲಗೆ ಇಳಿದರೆ ಕಾಮಗಾರಿ, ಇಷ್ಟೇ ವ್ಯತ್ಯಾಸವೇ?

ಅಕ್ಕನಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. “ಅಮ್ಮಂಗೆ ಹೇಳ್ಬೇಡ. ಗೋಡೆ ಬರೋವರೆಗಾದ್ರೂ ನೋಡ್ಕೊಳ್ಲಿ” ಎಂದಳು. ಅಮ್ಮನಿಗೆ ನಾನು ಹೇಳಿಲ್ಲ. ಅವಳು ಪತ್ರಿಕೆ ಓದುವುದಿಲ್ಲವಾದ್ದರಿಂದ ಈ ಪತ್ರವನ್ನು ಧೈರ್ಯವಾಗಿ ಪ್ರಕಟಣೆಗೆ ಕೊಟ್ಟಿದ್ದೇನೆ.

ನಿಲುಗಡೆಯನ್ನು ಮರಳಿ ಕೊಡಿ ಎಂದು ಈಗಲೂ ಕೇಳುತ್ತೇನೆ, ಗೋಡೆ ಬೇಡವೆಂದೂ ಹೇಳುತ್ತೇನೆ. ಇವೆರಡೂ ಸದ್ದಿನ ಫೈಲಿಗೆ ಹೋಗುತ್ತವೆ ಎಂಬುದೂ ನನಗೆ ತಿಳಿದಿದೆ. ಆದ್ದರಿಂದ ತಮ್ಮ ನಿಯಮಗಳಿಗೆ ಒಗ್ಗುವಂಥ ಒಂದೇ ಬೇಡಿಕೆ ಇಡುತ್ತೇನೆ. ಮೊದಲ ದಿನದ ಹಲಗೆಗಳು ಬರುವ ಬೆಳಗಿನ ಗಾಡಿಯಲ್ಲಿ ಅಕ್ಕನೂ ಇರುತ್ತಾಳೆ. ಹಲಗೆಗಳ ಜೊತೆ ಅವಳನ್ನೂ ಇಳಿಸಿ. ಹಳೇ ನಿಲ್ದಾಣದ ಇಳಿಜಾರಿನ ಕೆಳಗೆ ನಾನು ಗಾಲಿಕುರ್ಚಿ ಇಟ್ಟುಕೊಂಡು ಕಾಯುತ್ತೇನೆ. ಮೇಲಕ್ಕೆ ಎತ್ತಿಕೊಂಡು ಹೋಗಲು ಪಕ್ಕದ ಬೇಕರಿಯವರೂ ಬೀಗ ರಿಪೇರಿಯವರೂ ಒಪ್ಪಿದ್ದಾರೆ. ವಾಪಸ್ಸು ಕಳಿಸುವ ಚಿಂತೆ ತಮಗೆ ಬೇಡ. ಒಮ್ಮೆ ಮೇಲೆ ಹತ್ತಿದರೆ ಇನ್ನು ಇಳಿಯುವುದಿಲ್ಲ ಎಂದು ಅವಳು ಬಟ್ಟೆ ಕಟ್ಟಿಟ್ಟುಕೊಂಡಿದ್ದಾಳೆ. ಪ್ರಯಾಣಿಕಳೆಂದು ಇಳಿಸಲು ನಿಯಮ ಅಡ್ಡ ಬಂದರೆ ಸಾಮಾನು ಎಂದೇ ಬರೆದುಕೊಳ್ಳಿ. ಅಕ್ಕನನ್ನು ಕೇಳಿದ್ದೇನೆ, ಅವಳ ಆಕ್ಷೇಪಣೆಯಿಲ್ಲ. ಸಾಮಾನು ತಲುಪಿದೆ ಎಂದು ಅಮ್ಮ ಸಹಿ ಹಾಕಿಕೊಡುತ್ತಾಳೆ.

ಇಂತಿ,
ತಮ್ಮ ಸಹಾನುಭೂತಿಗೆ ಪಾತ್ರನಾಗಿ ಕಂಗೆಟ್ಟಿರುವ,
ಕನ್ನಡಕದ ಅಂಗಡಿಯವನು