ಪರೀಕ್ಷೆಗೆ ಬೇಕಾದ ಬಾಯಿ

ಅಕ್ಕನಿಗೆ, ಕೂತಲ್ಲೇ ತೂಕಡಿಸುತ್ತಿರುವ ತಂಗಿಯ ನಮಸ್ಕಾರ.

ಹಲ್ಲು ಶುಚಿ ಮಾಡುವ ಈ ಕೋರ್ಸಿಗೆ ಸೇರುವ ಮೊದಲು ಏನು ತಿಳಿದಿರಬೇಕೆಂದು ನಿನ್ನ ಮಗಳು ಕೇಳಿದ್ದಳಲ್ಲ, ಒಂದೇ ಹೇಳುತ್ತೇನೆ: ಕೊನೆಯ ಪರೀಕ್ಷೆಗೆ ಕೊಳಕು ಬಾಯಿಯೊಂದನ್ನು ನಾವೇ ಹುಡುಕಿ ತರಬೇಕು. ಕಲ್ಲುಗಟ್ಟಿದ ಪಾಚಿ ಸಾಕಷ್ಟಿಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ನಾನು ನಮ್ಮ ಮನೆ ಮಾಲೀಕರನ್ನು ಪುಸಲಾಯಿಸಿ ಒಪ್ಪಿಸಿದ್ದೆ. ಮುದುಕರ ಬಾಯಿ ಯಾರೂ ಮುಟ್ಟದ ಚಿನ್ನದ ಗಣಿ. ಇವತ್ತು ಪರೀಕ್ಷೆಯಲ್ಲಿ ಕುರ್ಚಿಗೊರಗಿ ಬಾಯಿ ತೆರೆದರು, ಒಳಗೆಲ್ಲ ಫಳಫಳ!

“ನಿಮ್ಮ ಮೇಡಂ ಎದುರು ನಿನ್ನ ಮರ್ಯಾದೆ ಹೋಗಬಾರ್ದಲ್ಲಮ್ಮ, ಅದಕ್ಕೇ ನಿನ್ನೆನೇ ಡಾಕ್ಟ್ರ ಹತ್ರ ಕ್ಲೀನ್ ಮಾಡಿಸ್ಕೊಂಡು ಬಂದೆ” ಎಂದರು.

ಪರೀಕ್ಷೆ ನಡೆಸುವ ಮೇಡಂ ಪುಟ್ಟ ಕನ್ನಡಿ ಹಿಡಿದು ನೋಡಿ, “ಇದ್ರಲ್ಲಿ ನೀವು ತೆಗೆಯೋಕೆ ಏನಿದೆ? ಮುಂದಿನ ತಿಂಗಳು ಬನ್ನಿ” ಎಂದು ಕಳಿಸಿಬಿಟ್ಟರು. ಅದೂ ತಪ್ಪಿದರೆ ಈ ವಯಸ್ಸಿನಲ್ಲಿ ಇನ್ನೊಂದು ವರ್ಷ ಬೆಂಚು ಕಾಯಬೇಕು. ಆದರೂ ಮುದುಕರನ್ನು ಬೈಯಲು ಮನಸ್ಸು ಬರಲಿಲ್ಲ ಕಣೇ. ಸದಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವರು ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರಿಗೂ ಹಲ್ಲು ತೋರಿಸಿ ನಕ್ಕರು.

ನನ್ನ ಆರೋಗ್ಯ ಕೇಳಿದರೆ, ದಿನವೆಲ್ಲ ಹಲ್ಲು, ಬೆನ್ನೆಲ್ಲ ಬಿಲ್ಲು. ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದೇನೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ.

ಭಾವ ಮುಂದಿನ ತಿಂಗಳು ಈ ಕಡೆ ಬರುತ್ತಾರಂತಲ್ಲ, ನೇರ ನನ್ನಲ್ಲಿಗೇ ಬರಲಿ. ಮದುವೆಯಾದಾಗಿನಿಂದ ನೀನು ಬೈಯುತ್ತಿರುವ ಆ ಹಲ್ಲುಗಳನ್ನು ಅಲ್ಲಿಯವರೆಗೆ ಯಾರೂ ಮುಟ್ಟಕೂಡದು. ನಾಚಿಕೆ ಬೇಡ ಅನ್ನು, ಪಾಚಿ ಬೇಕು.

ಕಾರ್ಡಿನಲ್ಲಿ ಜಾಗ ಮುಗಿಯಿತು.
ನಿನ್ನ ತಂಗಿ