ದನಿ ಒಡೆಯುವ ಮುನ್ನ

ಅಮ್ಮಾ,

ಗಂಡಸಾಗುವ ಹಾರ್ಮೋನ್ ಚಿಕಿತ್ಸೆಗೆಂದು ನಾಳೆ ಮೊದಲ ಸಲ ಡಾಕ್ಟರನ್ನು ಕಾಣಬೇಕು. ಅವರು ನೋಡುವುದು ರಕ್ತವನ್ನು, ಅಂಗಿಯನ್ನಲ್ಲ. ಆದರೂ ಇಸ್ತ್ರಿ ಹಾಕುತ್ತಿದ್ದೆ. ಆಗ ನಿನ್ನ ತಂಗಿ ಫೋನ್ ಮಾಡಿದಳು. ನಾನು ಹಲೋ ಎಂದೆ.

"ಅಕ್ಕನೇ ಮಾತಾಡಿದ ಹಾಗಾಯ್ತು ಕಣೋ," ಎಂದಳು. "ಆ ಔಷಧಿ ತಗೊಂಡ್ರೆ ದನಿ ಒಡೆಯುತ್ತಂತೆ?"

"ಹೂಂ, ಚಿಕ್ಕಮ್ಮ."

"ಒಳ್ಳೇದಾಗ್ಲಿ. ಅದಕ್ಕೆ ಮುಂಚೆ ಒಂದ್ಸಲ ಅವಳ ಹಾಗೆ ನನ್ನ ಕರಿ."

"ಪುಟ್ಟೀ," ಎಂದೆ.

"ಬಂದೆ ಅಕ್ಕಾ," ಎಂದವಳೇ ಫೋನಿಟ್ಟುಬಿಟ್ಟಳು.

ಸಾಯುವವರೆಗೂ ನೀನು ನನ್ನನ್ನು ಮಗಳೇ ಎಂದೇ ಕರೆದೆ. ನಿನ್ನ ದನಿ ನನ್ನ ಗಂಟಲಲ್ಲಿ ಇರುವಾಗಲೇ ಒಮ್ಮೆ ಕೇಳಿಬಿಡೋಣವೆಂದು, ಖಾಲಿ ಕೋಣೆಯಲ್ಲಿ ನಾನೇ ಕೂಗಿದೆ:

"ಊಟಕ್ಕೆ ಬಾ, ಮಗನೇ."

ಓಗೊಡಲು ನನಗಿನ್ನೂ ಬೇರೆ ದನಿ ಬಂದಿಲ್ಲವಮ್ಮ.